ಕೆಳಗೆ ಬಿದ್ದವನ ಕುಸ್ತಿ

ಬಾಗಲಕೋಟೆ ಜಿಲ್ಲೆಯ ಸಾವಳಗಿ, ಜಮಖಂಡಿ, ಮುಧೋಳ ಸೀಮೆಯ ಜಾತ್ರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಹಲಗಿ ಬಡಿಯುತ್ತದೆ, ಗೆದ್ದವನು ಹೆಗಲೇರುತ್ತಾನೆ. ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಅರ್ಧ ಆಟ ಅಲ್ಲಿಂದಲೇ ಶುರು. ಮಲಗಿದವನು ಕಾಲುಗಳಿಂದ ಎದುರಾಳಿಯನ್ನು ತಡೆದು, ಉರುಳಿಸಿ ಮೇಲೆ ಬಂದರೆ ಅದು ಸ್ವೀಪ್. ಹಿಂದಕ್ಕೆ ನುಸುಳಿ ಬೆನ್ನೇರಿದರೆ ಬ್ಯಾಕ್ ಟೇಕ್. ಮೊಬೈಲ್ ಇರುವ ಹುಡುಗರಿಗೆಲ್ಲ ಈ ಪಟ್ಟುಗಳು ಈಗ ನೋಡಲು ಸಿಗುತ್ತವೆ. ನಮ್ಮ ಪೈಲವಾನರು ಕಲಿಯಲು ಇವು ಯೋಗ್ಯವೇ? ಖಂಡಿತ ಯೋಗ್ಯ. ನನ್ನ ತಕರಾರು ಇರುವುದು ಇವನ್ನು ಕಲಿಸುವ ರೀತಿಯ ಬಗ್ಗೆ.

ಎರಡೂ ಆಟಗಳು ಬೆನ್ನಿಗೆ ಕೊಡುವ ಬೆಲೆಯನ್ನು ಮೊದಲು ನೋಡಬೇಕು. ಮ್ಯಾಟ್ ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವಿ ಹಿಂದೆ ಹೋಗಿ ಹಿಡಿತ ಸಾಧಿಸಿದರೆ 2 ಅಂಕ. ಜಿಯು-ಜಿಟ್ಸುವಿನಲ್ಲಿ ಸ್ವೀಪ್‌ಗೆ 2 ಅಂಕ, ಹಿಂದಿನಿಂದ ಎರಡೂ ಹಿಮ್ಮಡಿಗಳನ್ನು ಎದುರಾಳಿಯ ತೊಡೆಯ ಒಳಗೆ ಸಿಕ್ಕಿಸಿ 3 ಸೆಕೆಂಡು ಉಳಿದರೆ 4 ಅಂಕ. ಅಲ್ಲಿಂದ ಕತ್ತು ಬಳಸಿ ಹಿಸುಕಬಹುದು ಎಂಬುದೇ ಈ ದುಬಾರಿ ಬೆಲೆಗೆ ಕಾರಣ. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲವಾನನ ಎದುರು ಪೋಲೆಂಡಿನ ಕುಸ್ತಿಪಟು ಸ್ಟಾನಿಸ್ಲಾಸ್ ಝಬಿಸ್ಕೊ ಎರಡೂವರೆ ಗಂಟೆ ಬಹುಪಾಲು ನೆಲ ಕಚ್ಚಿಕೊಂಡೇ ಕಳೆದು ಸಮಬಲ ಮಾಡಿಕೊಂಡ. ಬೆನ್ನು ಕೊಟ್ಟು ಬಚಾವಾಗುವ ಆ ಉಪಾಯ ಕುಸ್ತಿಯಲ್ಲಿ ನಡೆಯುತ್ತದೆ. ಜಿಯು-ಜಿಟ್ಸುವಿನಲ್ಲಿ ಅದೇ ಸೋಲಿನ ದಾರಿ.

ಮೇಲಿದ್ದವನೇ ಗೆದ್ದ ಎಂಬ ನಂಬಿಕೆಯೂ ಈ ನೆಲದ ಆಟದಲ್ಲಿ ನಿಲ್ಲುವುದಿಲ್ಲ. ಕುಸ್ತಿಯಿಂದ ಮಿಶ್ರ ಸಮರ ಕಲೆಗೆ ಹೋದ ರಿತು ಫೋಗಟ್ 2021ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ಪಂದ್ಯಾವಳಿಯೊಂದರ ಫೈನಲ್‌ನಲ್ಲಿ ಸ್ಟ್ಯಾಂಪ್ ಫೇರ್‌ಟೆಕ್ಸ್ ಎದುರು ಸೋತದ್ದು ತೋಳಿನ ಬೀಗಕ್ಕೆ ಸಿಕ್ಕು. ಅಲ್ಲಿ ಗೆದ್ದವಳು ಮೂಲತಃ ಮುಯ್ ಥಾಯ್ ಪಟು, ನೆಲದ ಆಟವನ್ನು ಆಮೇಲೆ ಕಲಿತವಳು.

ಪಟ್ಟನ್ನೇ ಹತ್ತಿರದಿಂದ ನೋಡೋಣ. ಹಾಫ್ ಗಾರ್ಡ್ ಎಂಬ ಭಂಗಿಯಲ್ಲಿ ಕೆಳಗಿನವನು ಮಗ್ಗುಲಾಗಿ ಮಲಗಿ, ಎದುರಾಳಿಯ ಒಂದು ಕಾಲನ್ನು ತನ್ನೆರಡು ಕಾಲುಗಳ ನಡುವೆ ಸಿಕ್ಕಿಸಿರುತ್ತಾನೆ. ಮೇಲಿನ ಕೈಯನ್ನು ಅವನ ಕಂಕುಳಡಿ ತೂರಿಸಿ, ತಲೆಯನ್ನು ಪಕ್ಕೆಗೆ ಒತ್ತಿ, ಮೊಳಕೈ ಊರಿ ಏಳತೊಡಗುತ್ತಾನೆ. ಎದುರಾಳಿ ನೆಟ್ಟಗಾಗಿ ಬಿಡಿಸಿಕೊಳ್ಳಲು ಹೋದರೆ ಕಂಕುಳಡಿ ಜಾಗ ತೆರೆಯುತ್ತದೆ. ಅಲ್ಲಿಂದಲೇ ನುಸುಳಿ ಬೆನ್ನು ಹಿಡಿಯಬೇಕು. ಹಾಗಾಗದಂತೆ ಅವನು ಆ ಕೈಯನ್ನು ಬಿಗಿದು ಮೈಭಾರವನ್ನೆಲ್ಲ ಹೇರಿದರೆ, ಆ ಭಾರವನ್ನೇ ಎಳೆದುಕೊಂಡು, ಅವನಡಿ ನುಸುಳಿ ಆಚೆ ಬದಿಗೆ ಹೊರಳಿಸಬೇಕು. ಒಂದನ್ನು ತಡೆಯಲು ಹೋದವನು ಇನ್ನೊಂದಕ್ಕೆ ದಾರಿ ಬಿಡುತ್ತಾನೆ. ಪಟ್ಟಿನ ಜೀವ ಇರುವುದು ಈ ಇಕ್ಕಟ್ಟಿನಲ್ಲಿ.

ಬಹಳಷ್ಟು ವಿಡಿಯೊ ಪಾಠಗಳು ಎಡವುವುದೂ ಇಲ್ಲೇ. ಸ್ವೀಪ್ ಒಂದು ಪಾಠ, ಬ್ಯಾಕ್ ಟೇಕ್ ಇನ್ನೊಂದು ಪಾಠ ಎಂದು ಬೇರೆ ಮಾಡುತ್ತಾರೆ. ಜೊತೆಗಾರ ಮೈ ಸಡಿಲ ಬಿಟ್ಟು ಉರುಳಿಕೊಡುತ್ತಾನೆ. ಕೈ ಎಲ್ಲಿ, ಕಾಲು ಎಲ್ಲಿ ಎಂಬುದು ತಿಳಿಯುತ್ತದೆ. ಎದುರಾಳಿಯ ಭಾರ ಯಾವ ಗಳಿಗೆಯಲ್ಲಿ ಯಾವ ಕಡೆ ವಾಲಿತು ಎಂಬುದು ತಿಳಿಯುವುದಿಲ್ಲ. ಬ್ರೆಜಿಲಿನ ಜಿಯು-ಜಿಟ್ಸು ಪಟುಗಳಾದ ಮೆಂಡೆಸ್ ಸಹೋದರರು ಜನಪ್ರಿಯಗೊಳಿಸಿದ ಬೆರಿಂಬೊಲೊ ಪಟ್ಟನ್ನೇ ತೆಗೆದುಕೊಳ್ಳಿ. ಎದುರಾಳಿಯ ಕಾಲಿಗೆ ಕಾಲು ತೊಡರಿಸಿ, ಭುಜದ ಮೇಲೆ ಹೊರಳಿ ಬೆನ್ನು ತಲುಪುವ ಅದು ನೋಡಲು ಬಲು ಚಂದ. ಆದರೆ ಅದರ ಹಿಡಿತ ಬಹುಮಟ್ಟಿಗೆ ಎದುರಾಳಿಯ ಅಂಗಿ, ಪ್ಯಾಂಟು, ಸೊಂಟಪಟ್ಟಿಗಳ ಮೇಲೆ ನಿಂತದ್ದು. ಲಂಗೋಟಿ ಕಟ್ಟುವ ನಮ್ಮ ಹುಡುಗನಿಗೆ ಅದು ಮೊದಲ ಪಾಠ ಆಗಲಾರದು. ಬಟ್ಟೆ ಹಿಡಿಯದೆಯೂ ನಡೆಯುವ ಹಾಫ್ ಗಾರ್ಡ್ ಪಟ್ಟೇ ಅವನಿಗೆ ಸರಿಹೊಂದುತ್ತದೆ.

ಹಾಗೆಂದು ಜಿಯು-ಜಿಟ್ಸುವೇ ಮೇಲು ಎಂದಲ್ಲ. ಸ್ಪರ್ಧೆಗಳಲ್ಲಿ ಎಷ್ಟೋ ಮಂದಿ ನಿಂತು ಹಿಡಿಯುವ ಗೋಜಿಗೇ ಹೋಗದೆ ತಾವಾಗಿ ನೆಲಕ್ಕೆ ಕೂರುತ್ತಾರೆ. ನಮ್ಮ ಕಡೆಯ ಮಂದಿ ಇದನ್ನು ಕಂಡರೆ ಕೂಗಿ ಎಬ್ಬಿಸದೆ ಬಿಡರು, ಆ ಕೂಗಿನಲ್ಲಿ ನ್ಯಾಯವೂ ಇದೆ. ನಿಂತ ಕುಸ್ತಿಯ ಕಸುವು, ಎಷ್ಟು ಹೊತ್ತಾದರೂ ಕುಗ್ಗದ ದಮ್ಮು, ಹಿಂದೆ ಹೋಗುವ ಚುರುಕು ಇವೆಲ್ಲ ಗರಡಿಯ ಆಸ್ತಿ. ಇದೇ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆ.ಜಿ. ಗ್ರೀಕೊ-ರೋಮನ್ ವಿಭಾಗದ ಕಂಚು ಗೆದ್ದದ್ದು ಕಾಲಿನ ಪಟ್ಟುಗಳಿಗೆ ಅವಕಾಶವೇ ಇಲ್ಲದ ಶೈಲಿಯಲ್ಲಿ. ಬೆನ್ನು ತಲುಪುವ ವಿದ್ಯೆ ನಮ್ಮವರಿಗೆ ಬರುತ್ತದೆ. ತಲುಪಿದ ಮೇಲೆ ಕಾಲಿನಿಂದ ಸಿಕ್ಕಿಸಿ ಉಳಿಯುವುದು, ಕೆಳಗೆ ಬಿದ್ದಾಗ ಗಾಬರಿಯಾಗದೆ ಆಡುವುದು ಇವೆರಡನ್ನು ಹೊಸದಾಗಿ ಕಲಿಯಬೇಕು. ಚಿತ್ ಆಗುವ ಭಯ ಮೈಗೇ ಅಂಟಿರುವುದರಿಂದ ಎರಡನೆಯದು ಹೆಚ್ಚು ಕಷ್ಟ.

ಅದಕ್ಕೆ ಔಷಧ ಗರಡಿಯಲ್ಲೇ ಇದೆ. ಉಸ್ತಾದರ ಕಣ್ಣೆದುರು ದಿನವೂ ನಡೆಯುವ ಜೋರಿನಲ್ಲಿ, ಅಂದರೆ ಅಭ್ಯಾಸದ ಕುಸ್ತಿಯಲ್ಲಿ, ಯಾರೂ ಸುಮ್ಮನೆ ಉರುಳಿಕೊಡುವುದಿಲ್ಲ. ಹೊಸ ಪಟ್ಟು ಬಲಿಯುವುದು ಇಂಥ ಕಡೆಯೇ. ಉಸ್ತಾದರಲ್ಲಿ ನನ್ನ ಕೋರಿಕೆ ಇಷ್ಟೆ: ಹುಡುಗರು ಈ ಪಟ್ಟು ತೋರಿಸಿದಾಗ ಬೈದು ಕಳಿಸಬೇಡಿ. ತಾಲೀಮಿನ ಕೊನೆಯಲ್ಲಿ ಒಬ್ಬನನ್ನು ಕೆಳಗೆ ಮಲಗಿಸಿ, ಇನ್ನೊಬ್ಬನನ್ನು ಮೇಲೆ ಬಿಟ್ಟು, ಅಲ್ಲಿಂದ ಜೋರು ಹಚ್ಚಿರಿ. ಕತ್ತು ಹಿಸುಕುವುದನ್ನು ಮಾತ್ರ ಬಲ್ಲವರು ಎದುರಿಗಿಲ್ಲದೆ ಆಡಿಸಬೇಡಿ.