ಮೂರು ಪೈಪಿನ ಪುಟ್ಟ ವಾಲ್ವು

ಹಳೆಯ ಆಕ್ಟೇವಿಯಾ ಆರ್‌ಎಸ್ ಕಾರಿನ 1.8 ಲೀಟರ್ ಟರ್ಬೊ ಎಂಜಿನ್ನಿಗೆ ಕೈ ಹಾಕುವ ಒಳ್ಳೆಯ ಮೆಕ್ಯಾನಿಕ್ ಮೊದಲೇ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಟರ್ಬೊ ಒತ್ತಡವನ್ನು, ಅಂದರೆ ಬೂಸ್ಟನ್ನು, ನಿಯಂತ್ರಿಸುವ ಎನ್75 ವಾಲ್ವಿನ ಮೂರು ರಬ್ಬರ್ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತಾನೆ. ಹೆಚ್ಚುವರಿ ಹೊಗೆಯನ್ನು ಟರ್ಬೊ ತಪ್ಪಿಸಿ ಬಿಡುವ ವೇಸ್ಟ್‌ಗೇಟಿಗೆ ಹೋಗುವ ಪೈಪು ಬಿರುಕು ಬಿಟ್ಟರೆ ಗೇಟು ಸರಿಯಾಗಿ ತೆರೆಯದೆ ಬೂಸ್ಟ್ ಮಿತಿ ಮೀರುತ್ತದೆ. ಇಂಟರ್‌ಕೂಲರ್ ಕಡೆ ಸೋರಿದರೆ ಗಾಡಿ ಏದುಸಿರು ಬಿಡುತ್ತದೆ. ದೊಡ್ಡ ಟರ್ಬೊ ಹಾಕಿಸಿ ದುಡ್ಡು ಸುರಿದವರೂ ಕೊನೆಗೆ ಸೋಲುವುದು ಗೇಣುದ್ದದ ರಬ್ಬರಿಗೆ! ಗಾಳಿ ತುಂಬಿಸಿ, ಸಾಬೂನು ನೀರು ಚಿಮುಕಿಸಿ, ಗುಳ್ಳೆ ಏಳುವ ಜಾಗಕ್ಕಾಗಿ ಕಾಯುವ ಆ ತಾಳ್ಮೆ ನನಗೆ ಬಲು ಇಷ್ಟ.

ಬ್ರೇಕಿಗೂ ಇದೇ ತಾಳ್ಮೆ ಬೇಕು. ಈ ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಅನೇಕರು ಕೇಬಲ್ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಬಲ್ಲವನು ಹಿಂದಿನ ಕ್ಯಾಲಿಪರ್‌ನ ಲಿವರ್ ತುಕ್ಕು ಹಿಡಿದು ಅಂಟಿಕೊಂಡಿದೆಯೇ ಎಂದು ನೋಡುತ್ತಾನೆ. ಪ್ಯಾಡ್ ಬದಲಿಸುವಾಗ ಅಲ್ಲಿನ ಪಿಸ್ಟನ್ನನ್ನು ಬರೀ ಒತ್ತಬಾರದು, ತಿರುಗಿಸುತ್ತಾ ಒತ್ತಬೇಕು. ಅದನ್ನರಿಯದೆ ಬರೀ ಕ್ಲ್ಯಾಂಪ್ ಹಿಡಿದು ಬರುವವನ ಕೈಗೆ ಗಾಡಿ ಕೊಡಬೇಡಿ.