ಹ್ಯಾಗರ್ಡನ ‘ಶೀ’: ಜನ್ಮಾಂತರಪ್ರೇಮ, ಲುಪ್ತಕಲೆ ಮತ್ತು ಇತಿಹಾಸದ ಸಾಕ್ಷ್ಯ

ಹೆನ್ರಿ ರೈಡರ್ ಹ್ಯಾಗರ್ಡನ ‘ಶೀ’ ಎಂಬ ಇಂಗ್ಲಿಷ್ ಕಾದಂಬರಿ 1886-87ರಲ್ಲಿ ಲಂಡನ್ನಿನ ‘ಗ್ರಾಫಿಕ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1887ರಲ್ಲಿ ಪುಸ್ತಕವಾಯಿತು. ಜನ್ಮಾಂತರದ ಪ್ರೇಮ, ಅಳಿದುಹೋದ ನಗರದ ಕಲೆ, ಪ್ರಾಣಾಪಾಯದ ಯಾತ್ರೆ, ಈ ಮೂರನ್ನೂ ಒಂದೇ ಎಳೆಯಲ್ಲಿ ಹೆಣೆಯುವ ರಂಜಕ ಕಥೆಗಳಿಗೆ ಇದೊಂದು ಮಾದರಿ. ಇದರ ಕಥನಶಕ್ತಿಯನ್ನು ಸಾಹಿತ್ಯವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಇತಿಹಾಸದ ಅಭ್ಯಾಸಿಗೆ ಹೊಳೆಯುವ ಪ್ರಶ್ನೆ ಬೇರೆ: ಗತಕಾಲದ ಕಲೆ ಯಾರದು ಎಂಬುದನ್ನು ಈ ಕೃತಿ ಯಾವ ಆಧಾರದ ಮೇಲೆ ನಿರ್ಣಯಿಸುತ್ತದೆ?

ಕಥೆಯ ಸಾರ ಇಷ್ಟು. ಕೇಂಬ್ರಿಜ್ಜಿನ ವಿದ್ವಾಂಸ ಹಾಲಿಯ ಆಶ್ರಯದಲ್ಲಿ ಬೆಳೆದ ಲಿಯೋ ವಿನ್ಸಿಗೆ ಇಪ್ಪತ್ತೈದನೆಯ ಹುಟ್ಟುಹಬ್ಬದಂದು ಪಿತ್ರಾರ್ಜಿತವಾದ ಒಂದು ಪೆಟ್ಟಿಗೆ ದೊರೆಯುತ್ತದೆ. ಅದರೊಳಗೆ ಲಿಖಿತವಾದ ಒಂದು ಮಡಕೆಯ ಬೋಕಿ. ಐಸಿಸ್ ದೇವತೆಯ ಅರ್ಚಕನಾದ ಕ್ಯಾಲಿಕ್ರೇಟಿಸನು ಈಜಿಪ್ಟಿನ ರಾಜಕುಮಾರಿ ಅಮೆನಾರ್ಟಸಳೊಡನೆ ಪಲಾಯನ ಮಾಡಿದನೆಂದೂ, ಆಫ್ರಿಕದ ಒಬ್ಬ ಮಾಯಾವಿನಿ ರಾಣಿ ಅವನನ್ನು ಕೊಂದಳೆಂದೂ ಅದು ಹೇಳುತ್ತದೆ. ಲಿಯೋ ಮತ್ತು ಹಾಲಿ ಆಫ್ರಿಕಕ್ಕೆ ತೆರಳಿ ಕೋರ್ ಎಂಬ ಹಾಳುನಗರವನ್ನು ಸೇರುತ್ತಾರೆ. ಎರಡು ಸಹಸ್ರ ವರ್ಷಗಳಿಗೂ ಮೇಲ್ಪಟ್ಟು ಕಾದಿದ್ದ ರಾಣಿ ಆಯೆಷಾ ಲಿಯೋನನ್ನು ಕಂಡು, ತಾನು ಕೊಂದ ಪ್ರಿಯನೇ ಮರಳಿ ಬಂದನೆಂದು ನಿಶ್ಚಯಿಸುತ್ತಾಳೆ.

ಈ ನಿಶ್ಚಯಕ್ಕೆ ಆಧಾರವೇನು? ಲಿಯೋನಿಗೆ ಪೂರ್ವಜನ್ಮದ ಸ್ಮರಣೆಯಿಲ್ಲ. ಇರುವುದು ಮುಖದ ಹೋಲಿಕೆ, ವಂಶದ ಕಾಗದಪತ್ರ ಮತ್ತು ಆಯೆಷಾಳ ಮಾತು. ಆಕೆಯೇ ವಾದಿ, ಆಕೆಯೇ ಸಾಕ್ಷಿ, ಆಕೆಯೇ ನ್ಯಾಯಾಧಿಪತಿ. ಲಿಯೋನನ್ನು ವರಿಸಿದ ಅಲ್ಲಿಯ ಯುವತಿ ಉಸ್ತಾನೆ ಆಯೆಷಾಳ ಕೋಪಕ್ಕೆ ಬಲಿಯಾಗುತ್ತಾಳೆ. ಸಹಸ್ರಾರು ವರ್ಷ ಕೆಡದಂತೆ ಕಾಪಾಡಿದ್ದ ಕ್ಯಾಲಿಕ್ರೇಟಿಸನ ದೇಹವನ್ನು ಸಹ ಆಯೆಷಾ ಆಮ್ಲ ಸುರಿದು ನಾಶಗೊಳಿಸುತ್ತಾಳೆ. ಪುನರ್ಜನ್ಮವು ಇಲ್ಲಿ ಹಕ್ಕಿನ ಘೋಷಣೆಯೇ ಹೊರತು ಹೊಣೆಯ ಸ್ವೀಕಾರವಲ್ಲ.

ಕಲೆಯ ವಿಷಯದಲ್ಲಿಯೂ ಇದೇ ಕ್ರಮ. ಕೋರಿನ ಗುಹಾಭಿತ್ತಿಗಳ ಶಿಲ್ಪಗಳನ್ನೂ, ಮುಸುಕುಧಾರಿಣಿಯಾದ ಸತ್ಯದೇವತೆಯ ಪ್ರತಿಮೆಯನ್ನೂ ಹ್ಯಾಗರ್ಡನು ನಿಜವಾದ ಆದರದಿಂದ ವರ್ಣಿಸುತ್ತಾನೆ. ಕೃತಿಯ ಉತ್ತಮ ಪುಟಗಳು ಇವೇ. ಆದರೆ ಅವನ್ನು ನಿರ್ಮಿಸಿದವರು ಎಂದೋ ವ್ಯಾಧಿಯಿಂದ ನಶಿಸಿದ ಒಂದು ಜನಾಂಗ. ಅವರಲ್ಲಿ ಉಳಿದವರು ಉತ್ತರಕ್ಕೆ ಹೋಗಿ ಈಜಿಪ್ಟಿನವರ ಮೂಲಪುರುಷರಾಗಿರಬಹುದೆಂಬ ಊಹೆಯೂ ಕಥೆಯಲ್ಲಿದೆ. ಅದೇ ನೆಲದಲ್ಲಿ ಬದುಕುವ ಅಮಹಗ್ಗರರಿಗಾದರೋ ಆ ಪರಂಪರೆಯ ಪರಿವೆಯೇ ಇಲ್ಲ. ಅವರು ಪುರಾತನ ಶವಗಳನ್ನು ಪಂಜುಗಳಾಗಿ ಉರಿಸುತ್ತಾರೆ. ಕಲೆ ಅಲ್ಲಿಯದು, ಕಲಾವಿದರು ಮಾತ್ರ ಅಲ್ಲಿಯವರಲ್ಲ ಎಂಬುದು ಇದರ ತಾತ್ಪರ್ಯ.

ಇದು ಕೇವಲ ಕಲ್ಪನೆ, ಇದನ್ನು ಇತಿಹಾಸದ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಇದೇ ಕಲ್ಪನೆ ಆ ಕಾಲದಲ್ಲಿ ಶಾಸ್ತ್ರದ ವೇಷದಲ್ಲಿಯೂ ಸಂಚರಿಸುತ್ತಿತ್ತು. 1871ರಲ್ಲಿ ಮಹಾ ಜಿಂಬಾಬ್ವೆಯ ಶಿಲಾಪ್ರಾಕಾರಗಳನ್ನು ಕಂಡ ಕಾರ್ಲ್ ಮೌಖ್, ಅಲ್ಲಿಯ ಒಂದು ಮರದ ತುಂಡನ್ನು ಲೆಬನಾನಿನ ದೇವದಾರು ಎಂದೆಣಿಸಿ, ಕಟ್ಟಡವನ್ನು ಶೀಬಾ ರಾಣಿಗೆ ಸಲ್ಲಿಸಿಬಿಟ್ಟನು. ಅನಂತರ ಬಂದ ರಿಚರ್ಡ್ ಹಾಲ್, ತನ್ನ ಮತಕ್ಕೆ ಬೇಡವಾದ ಸ್ಥಳೀಯ ಜನವಸತಿಯ ಪದರಗಳನ್ನು ಕಸವೆಂದು ಎತ್ತಿಹಾಕಿಸಿದನು. ಅವು ಪುನಃ ದೊರೆಯುವಂತಿಲ್ಲ. ಹ್ಯಾಗರ್ಡನೂ ಈ ವಿವಾದದ ಹೊರಗಿರಲಿಲ್ಲ. 1900ರಲ್ಲಿ ಪುಸ್ತಕರೂಪದಲ್ಲಿ ಬಂದ ಅವನ ‘ಎಲಿಸ್ಸಾ’ ಕಥೆ ಜಿಂಬಾಬ್ವೆಯನ್ನು ಫಿನೀಷಿಯರ ನಗರವನ್ನಾಗಿ ಚಿತ್ರಿಸಿತು.

1905ರಲ್ಲಿ ರ‍್ಯಾಂಡಲ್-ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್, ಅಗೆತದ ಆಧಾರದಿಂದ ಅದು ಮಧ್ಯಯುಗದ ಆಫ್ರಿಕನರ ನಿರ್ಮಾಣವೆಂದು ತೋರಿಸಿದರು. ಇಂದಿನ ವಿದ್ವಾಂಸರು ಅದನ್ನು ಶೋನಾ ಜನರ ಪೂರ್ವಜರದೆಂದು ಒಪ್ಪುತ್ತಾರೆ. ಆದರೂ ಹಳೆಯ ಕಲ್ಪನೆ ಸುಲಭವಾಗಿ ಅಳಿಯಲಿಲ್ಲ. ಬಿಳಿಯ ಅಲ್ಪಸಂಖ್ಯಾತರು ಆಳುತ್ತಿದ್ದ ರೊಡೇಷಿಯದಲ್ಲಿ ಈ ಸತ್ಯವನ್ನು ಹೇಳುವುದು ಕಷ್ಟವಾಗಿ, ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶವನ್ನು ಬಿಟ್ಟರು. 1980ರಲ್ಲಿ ಸ್ವತಂತ್ರವಾದ ರಾಷ್ಟ್ರವು ಆ ಪ್ರಾಕಾರದ ಹೆಸರನ್ನೇ ತಳೆದು, ಅಲ್ಲಿಯ ಕಲ್ಲಿನ ಪಕ್ಷಿಯನ್ನು ತನ್ನ ಧ್ವಜದಲ್ಲಿ ಇರಿಸಿತು. ಜರ್ಮನಿಗೆ ಒಯ್ದಿದ್ದ ಒಂದು ಪಕ್ಷಿಶಿಲ್ಪದ ಕೆಳಭಾಗ 2003ರಲ್ಲಿ ಹಿಂದಿರುಗಿತು. ಅದನ್ನು ಮರಳಿ ಪಡೆಯಲು ಯಾರ ಪೂರ್ವಜನ್ಮಸ್ಮರಣೆಯೂ ಬೇಕಾಗಲಿಲ್ಲ.

ಜನ್ಮಾಂತರದ ಕಥೆಯಲ್ಲಿಯೇ ಈ ದೋಷ ಅಂತರ್ಗತವೆಂದು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ಇಡೀ ಸಾಹಿತ್ಯಪ್ರಕಾರಕ್ಕೇ ಹೆಸರು ಕೊಟ್ಟ ಬಾಣನ ‘ಕಾದಂಬರಿ’, ನಾಗವರ್ಮನು ಚಂಪುವಾಗಿ ಕನ್ನಡಿಸಿದ ಕೃತಿ, ಇಂಥದೇ ವಸ್ತುವನ್ನುಳ್ಳದ್ದು. ಪುಂಡರೀಕನಿಗಾಗಿ ತಪಸ್ವಿನಿಯಾಗಿ ಕಾದಿರುವ ಮಹಾಶ್ವೇತೆ, ಅವನೇ ವೈಶಂಪಾಯನನಾಗಿ ಎದುರಿಗೆ ಬಂದಾಗ ಗುರುತಿಸಲಾರದೆ ಗಿಣಿಯಾಗೆಂದು ಶಪಿಸುತ್ತಾಳೆ. ಕಾದವಳಿಗೂ ಗುರುತು ತಪ್ಪುತ್ತದೆ. ಆ ಗಿಣಿಗೆ ತನ್ನ ಪೂರ್ವವೃತ್ತಾಂತ ತಿಳಿಯುವುದು ಜಾಬಾಲಿ ಮುನಿಯ ಮಾತಿನಿಂದ. ಅಲ್ಲಿಯೂ ಪ್ರಿಯನ ದೇಹವೊಂದು ಕೆಡದೆ ಉಳಿದಿದೆ. ಚಂದ್ರಾಪೀಡನ ಆ ದೇಹವನ್ನು ಕಾದಂಬರಿ ಉಪಚರಿಸಿ ಕಾಯುತ್ತಾಳೆ, ನಾಶಮಾಡುವುದಿಲ್ಲ. ಜನ್ಮಾಂತರವು ಅಲ್ಲಿ ಹಿಂದಿನ ಪ್ರಮಾದಗಳ ಋಣವನ್ನು ಹೊತ್ತು ಬರುತ್ತದೆ. ಯಾರ ಸೊತ್ತಿಗೂ ಹಕ್ಕುಪತ್ರವಾಗಿ ಬರುವುದಿಲ್ಲ.

‘ಶೀ’ಯ ರೋಚಕತೆಯನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಓದಲಿ, ಆಯೆಷಾಳ ಅಂತ್ಯದ ಭೀಕರತೆಯನ್ನು ಅನುಭವಿಸಲಿ. ಆದರೆ ಕಳೆದುಹೋದ ಕಲೆ ಕಥೆಯಲ್ಲಿ ಪ್ರೇಮಿಗಳ ಆಸ್ತಿಯಾಗಿ ಮರಳಿದಾಗಲೆಲ್ಲ, ಅದನ್ನು ಕಡೆದ ಕೈಗಳು ಯಾರವು, ಅವರ ಸಂತತಿಯವರಿಗೆ ಆ ಕಥೆಯಲ್ಲಿ ಎಂಥ ಸ್ಥಾನ ದೊರೆತಿದೆ ಎಂದು ಕೇಳುವುದನ್ನು ಮರೆಯಬಾರದು. ಇತಿಹಾಸಪಾಠದಿಂದ ಸಾಹಿತ್ಯದ ಓದುಗನಿಗೆ ಸಲ್ಲುವ ಸಹಾಯ ಇದೇ.