ಮೊದಲು ಕೊಂಡಿ ನೋಡಿ

ಊರು ಶಿರೂರು ಎಂದರೆ ಪರದೇಶದ ಕನ್ನಡಿಗರು ಕೇಳುವ ಮೊದಲ ಪ್ರಶ್ನೆ, ‘ಬೈಂದೂರಿನ ಹತ್ತಿರದ್ದಾ?’ ಕರಾವಳಿಯ ಆ ಶಿರೂರಿಗೂ ಗಲ್ಫಿಗೂ ಹಳೆಯ ನಂಟು. ಅಲ್ಲಿಯ ಹುಡುಗನಿಗೆ ದುಬೈ ಎಂದರೆ ಚಿಕ್ಕಪ್ಪನೋ ಭಾವನೋ ಮೊದಲೇ ಹೋಗಿ ನೆಲೆಯೂರಿದ ಜಾಗ. ಆರಿಸುವ ತಾಪತ್ರಯವೇ ಇಲ್ಲ. ನಮ್ಮ ಬಾಗಲಕೋಟೆ ಶಿರೂರಿನವರಿಗೆ ಅಂಥ ಆಸರೆ ಕಡಿಮೆ. ನಮ್ಮ ಕಡೆಯವರು ದುಡಿಯಲು ಹೋದದ್ದು ಗೋವಾ, ಮಂಗಳೂರು, ಪುಣೆ, ಈಚೆಗೆ ಬೆಂಗಳೂರು. ಹೀಗಾಗಿ ಕಂಪನಿಯವರು ‘ದುಬೈ, ಸಿಂಗಾಪುರ, ಟೋಕಿಯೊ, ಎಲ್ಲಿಗೆ ಹೋಗ್ತೀ?’ ಎಂದಾಗ ಹುಡುಗರು ಯೂಟ್ಯೂಬ್ ತೆರೆದು ಕೂಡುತ್ತಾರೆ. ಬುರ್ಜ್ ಖಲೀಫಾ ಕಂಡರೆ ದುಬೈ, ಸಕುರಾ ಹೂ ಕಂಡರೆ ಟೋಕಿಯೊ. ಆ ಹೂವಿನ ಆಯುಷ್ಯ ಒಂದೆರಡು ವಾರ ಎಂಬುದು ಬೇರೆ ಮಾತು.

ಇಳಕಲ್ ಸೀರೆಯ ಮರ್ಮ ಬಲ್ಲ ಹೆಣ್ಣುಮಕ್ಕಳು ಸೆರಗಿನ ಕೆಂಪಿಗೆ ಮರುಳಾಗುವುದಿಲ್ಲ. ಒಡಲಿನ ಹಾಸೂ ಸೆರಗಿನ ಹಾಸೂ ಸೇರುವ ಕೊಂಡಿಯ ಮೇಲೆ ಬೆರಳಾಡಿಸಿ ನೋಡುತ್ತಾರೆ. ಪರದೇಶದ ಊರಿಗೂ ಅಂಥದೊಂದು ಕೊಂಡಿ ಇದೆ: ವೀಸಾ. ಸಂಬಳ, ರಸ್ತೆ, ಮಾಲು ಎಲ್ಲ ಆಮೇಲೆ. ನೌಕರಿ ಹೋದ ಮರುದಿನ ಈ ಊರು ನನ್ನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಸಿಂಗಾಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ರದ್ದಾದರೆ ಸಾಮಾನ್ಯವಾಗಿ ಸಿಗುವುದು 30 ದಿನ. ಅಷ್ಟರಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಮನೆ ಖಾಲಿ ಮಾಡಿ, ಮಕ್ಕಳ ಟಿ.ಸಿ. ತೆಗೆಸಿ ವಿಮಾನ ಹತ್ತಬೇಕು. ದುಬೈ ಈ ವಿಷಯದಲ್ಲಿ ಈಚೆಗೆ ಉದಾರವಾಗಿದೆ. ವೀಸಾದ ವರ್ಗ ನೋಡಿಕೊಂಡು 60ರಿಂದ 180 ದಿನಗಳವರೆಗೂ ಬಿಡುವು ಕೊಡುತ್ತದೆ. ಜಪಾನಿನದು ಇನ್ನೊಂದು ರೀತಿ. ಕೆಲಸ ಬಿಟ್ಟ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ವೀಸಾ ಅಲ್ಲಿಗೇ ಮುಗಿಯುವುದಿಲ್ಲ, ಆದರೆ ಮೂರು ತಿಂಗಳು ಸುಮ್ಮನೆ ಕೂತರೆ ಕಿತ್ತುಕೊಳ್ಳಬಹುದು. ಆಫರ್ ಲೆಟರಿನಲ್ಲಿ ಇದ್ಯಾವುದೂ ಇರುವುದಿಲ್ಲ.

ಎರಡನೆಯದು ಅಪ್ಪ-ಅವ್ವನ ಪ್ರಶ್ನೆ. ಹೋಗುವಾಗ ಇಪ್ಪತ್ತೈದರ ಹುಡುಗನಿಗೆ ಇದು ಹೊಳೆಯುವುದಿಲ್ಲ, ಮೂವತ್ತೈದಕ್ಕೆ ಹೊಳೆಯುತ್ತದೆ. ಸಿಂಗಾಪುರದಲ್ಲಿ ಪಾಸ್ ಸಿಗಲು ತಿಂಗಳ ಸಂಬಳ ಕನಿಷ್ಠ 5,600 ಸಿಂಗಾಪುರ ಡಾಲರ್ ಇರಬೇಕೆಂಬ ನಿಯಮ 2025ರಲ್ಲಿ ಜಾರಿಗೆ ಬಂತು, ಅದೂ ವಯಸ್ಸಾದಂತೆ ಏರುವ ಲೆಕ್ಕ. ಆದರೆ ತಂದೆತಾಯಿಯನ್ನು ಜೊತೆಗಿಟ್ಟುಕೊಳ್ಳಲು 12,000 ಡಾಲರ್ ಸಂಬಳ ಬೇಕು. ಇವೆರಡು ಅಂಕಿಗಳ ನಡುವೆ ಸಿಕ್ಕಿಕೊಂಡವರಿಗೆ ಅವ್ವ ಬರುವುದು ತಿಂಗಳ ಮಟ್ಟಿಗೆ, ನೆಂಟಳಾಗಿ. ಹೊರಡುವ ಮುಂಚೆ ಅಪ್ಪನ ಸಂಚಿಯನ್ನು ಶಿರೂರಲ್ಲೇ ಒಮ್ಮೆ ಬಿಚ್ಚಿ ನೋಡಿ. ಜಗಿಯುವ ತಂಬಾಕು ಸಿಂಗಾಪುರದಲ್ಲಿ ನಿಷಿದ್ಧ. ಗಸಗಸೆಯೂ ಅಷ್ಟೇ, ಅಲ್ಲಿಗೂ ಒಯ್ಯುವಂತಿಲ್ಲ, ದುಬೈಗೂ ಒಯ್ಯುವಂತಿಲ್ಲ. ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ. ಅನಾರಸ ಕಟ್ಟಿಕೊಡುವ ಅವ್ವನಿಗೆ ಮೊದಲೇ ಹೇಳಿಬಿಡಿ. ಅಮೀನಗಡದ ಕರದಂಟು ಕೊಳ್ಳುವಾಗಲೂ ಗಸಗಸೆ ಹಾಕಿದ್ದಾರೆಯೇ ಎಂದು ಅಂಗಡಿಯಲ್ಲೇ ಕೇಳಿ. ಕಸ್ಟಮ್ಸಿನವನಿಗೆ ‘ನಮ್ಮೂರ ಸಿಹಿರೀ’ ಎಂದರೆ ನಡೆಯುವುದಿಲ್ಲ.

ಜೋಳದ ಚಿಂತೆ ಮಾತ್ರ ಬೇಡ. ದುಬೈನ ಕರಾಮಾದಲ್ಲಿ, ಸಿಂಗಾಪುರದ ಲಿಟಲ್ ಇಂಡಿಯಾದಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಕೇಳಬೇಕಾದದ್ದು ಒಲೆಯ ಬಗ್ಗೆ. ಮನೆ ನೋಡಲು ಹೋದವರು ಬಾಲ್ಕನಿಯಿಂದ ಕಾಣುವ ನೋಟಕ್ಕೆ ಬೆರಗಾಗಿ ಒಪ್ಪಿಕೊಂಡು, ಆಮೇಲೆ ಅಡುಗೆಮನೆಗೆ ಹೋದರೆ ಇಂಡಕ್ಷನ್ ಗಾಜು. ಹಂಚಿನ ಮೇಲೆ ನೀರು ಸವರಿದ ರೊಟ್ಟಿಯನ್ನು ಕಡೆಗೆ ಉರಿಯ ಮೇಲೆ ಹಿಡಿದಾಗಲೇ ಅದು ಉಬ್ಬುವುದು. ಗಾಜಿನ ಮೇಲೆ ಅದು ಒಣಗಿ ಹಪ್ಪಳವಾಗುತ್ತದೆ. ಗ್ಯಾಸ್ ಇರುವ ಮನೆಯನ್ನೇ ಹುಡುಕಿ. ಎರಡು ಮೆಟ್ರೊ ನಿಲ್ದಾಣ ದೂರವಾದರೂ ಚಿಂತೆಯಿಲ್ಲ.

ಮಕ್ಕಳ ಕನ್ನಡದ ವಿಷಯಕ್ಕೆ ಬಂದರೆ ದುಬೈಗೆ ನನ್ನ ಮತ. ಅಲ್ಲಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟು, ಕನ್ನಡ ಮಿತ್ರರು ಬಳಗದವರ ಕನ್ನಡ ಪಾಠಶಾಲೆಯೂ ಉಂಟು. ಸಿಂಗಾಪುರದಲ್ಲಿ ಕನ್ನಡ ಸಂಘ ಚುರುಕಾಗಿದೆ, ಆದರೆ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಮಾತೃಭಾಷೆಯ ವಿಷಯವಾಗಿ ಭಾರತದ ಮಕ್ಕಳು ಆರಿಸಿಕೊಳ್ಳಬಹುದಾದದ್ದು ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡವಿಲ್ಲ. ಇನ್ನೊಂದು ಮಾತು: ಅಲ್ಲಿ ಅಪ್ಪ-ಅವ್ವನ ಮೂಲಕ ಕಾಯಂ ವಾಸದ ಪರವಾನಗಿ ಪಡೆದ ಗಂಡುಮಕ್ಕಳು ಹದಿನೆಂಟಾದ ಮೇಲೆ ಎರಡು ವರ್ಷ ರಾಷ್ಟ್ರೀಯ ಸೇವೆಗೆ ಸೇರಬೇಕು. ತೊಟ್ಟಿಲಲ್ಲಿ ಮಗು ಇರುವಾಗಲೇ ಗಂಡಹೆಂಡತಿ ಕೂತು ಮಾತಾಡಬೇಕಾದ ಸಂಗತಿ ಇದು.

ದುಬೈನ ಇನ್ನೊಂದು ಗುಣ ಗಡಿಯಾರದ್ದು. ನಮಗಿಂತ ಒಂದೂವರೆ ಗಂಟೆ ಹಿಂದೆ. ಶಿರೂರಲ್ಲಿ ಊಟ ಮುಗಿಸಿ ಕಟ್ಟೆಗೆ ಬಂದು ಕೂತ ಅವ್ವನಿಗೆ 9 ಗಂಟೆಯಾದಾಗ ಅಲ್ಲಿ ಏಳೂವರೆ, ಮಗ ಆಗಷ್ಟೇ ಮನೆ ಸೇರಿರುತ್ತಾನೆ. ಸಿಂಗಾಪುರದಲ್ಲಿ ಆಗ ರಾತ್ರಿ ಹನ್ನೊಂದೂವರೆ. ಹಾರಾಟದ ಹೊತ್ತಿನಲ್ಲಿ ಅಂಥ ವ್ಯತ್ಯಾಸವಿಲ್ಲ, ಬೆಂಗಳೂರಿನಿಂದ ಎರಡಕ್ಕೂ ಸುಮಾರು ನಾಲ್ಕು-ನಾಲ್ಕೂವರೆ ತಾಸು. ಸಾಕುಮಾಡುವುದು ದೇವನಹಳ್ಳಿಯಿಂದ ಶಿರೂರಿಗೆ ಬರುವ ಇಡೀ ರಾತ್ರಿಯ ಪ್ರಯಾಣ.

ಟೋಕಿಯೊ ರಸಿಕರ ಊರು, ಸೋಮಾರಿಗಳದ್ದಲ್ಲ. ಜಪಾನಿ ಕಲಿಯಲಾರೆ ಎನ್ನುವವರು ಹೋಗಬೇಡಿ. ಬಾಡಿಗೆ ಮನೆ ಹಿಡಿಯುವಾಗ ಅನೇಕ ಕಡೆ ಮಾಲೀಕನಿಗೆ ‘ರೇಯಿಕಿನ್’ ಎಂದು ಮರಳಿ ಬಾರದ ಹಣ ಕೊಡಬೇಕು, ಜಾಮೀನುದಾರನನ್ನೂ ತೋರಿಸಬೇಕು. ಎಡೊಗಾವಾ ಭಾಗದ ನಿಶಿ-ಕಸಾಯ್‌ನಲ್ಲಿ ಭಾರತೀಯರು ಗುಂಪುಗೂಡಿದ ಗುಟ್ಟು ಇಲ್ಲಿದೆ: 2000ದ ಆಸುಪಾಸು ಬಂದ ಸಾಫ್ಟ್‌ವೇರ್ ಹುಡುಗರಿಗೆ ಅಲ್ಲಿಯ ಯುಆರ್ ಸಂಸ್ಥೆಯ ವಸತಿಗಳು ರೇಯಿಕಿನ್ ಇಲ್ಲದೆ, ಜಾಮೀನುದಾರ ಇಲ್ಲದೆ ಸಿಕ್ಕವು, ತೋಜಾಯ್ ಮಾರ್ಗದ ರೈಲು ಹತ್ತಿದರೆ ನೇರ ಆಫೀಸು. ಹಿಂದಿನವರು ಬಿಟ್ಟುಹೋದ ಇಂಥ ದಾರಿ ಹಿಡಿಯುವುದೇ ಜಾಣತನ. ಕಷ್ಟಪಟ್ಟವನಿಗೆ ಫಲವೂ ದೊಡ್ಡದು. ಅಂಕಪದ್ಧತಿಯಲ್ಲಿ 80 ದಾಟಿದ ನುರಿತ ಕೆಲಸಗಾರ ಒಂದೇ ವರ್ಷಕ್ಕೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಉಳಿದವರು ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು.

ಉಳಿದ ಊರುಗಳೆಂದರೆ, ಬ್ಯಾಂಕಾಕ್, ಕ್ವಾಲಾಲಂಪುರ ಸುತ್ತಲಷ್ಟೇ ಚೆಂದ. ಹಾಂಗ್‌ಕಾಂಗಿನ ಬಾಡಿಗೆ ಕೇಳಿದರೆ ನಮ್ಮೂರಿನ ಹೊಲದ ಬೆಲೆ ನೆನಪಾಗುತ್ತದೆ.

ಸಾಲ ತೀರಿಸಿ, ಮನೆ ಕಟ್ಟಿಸಿ, ಐದಾರು ವರ್ಷಕ್ಕೆ ಮರಳುವ ಇರಾದೆಯವರಿಗೆ ದುಬೈ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ. ದೊಡ್ಡ ಸಂಬಳ ಕುದುರಿದರೆ ಮಾತ್ರ ಸಿಂಗಾಪುರ. ಮದುವೆಯಾಗದ, ಹೊಸ ಭಾಷೆಗೆ ನಾಲಿಗೆ ತಿರುಗುವ ಹುಡುಗ-ಹುಡುಗಿಯರಿಗೆ ಟೋಕಿಯೊ. ಸಹಿ ಹಾಕುವ ಮುಂಚೆ ಒಂದು ವಾರ ಹೋಗಿ ನೋಡಿಬನ್ನಿ, ಆದರೆ ಊರು ಸಿಂಗರಿಸಿಕೊಂಡು ಕೂತ ಕಾಲದಲ್ಲಿ ಬೇಡ. ದುಬೈಗೆ ಜನವರಿ ಬಿಟ್ಟು ಜುಲೈನಲ್ಲಿ ಹೋಗಿ, ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೂಲಿ ಮಾಡಿಸಬಾರದೆಂಬ ಕಾನೂನು ಜಾರಿಯಲ್ಲಿರುವಾಗ. ಸಿಂಗಾಪುರಕ್ಕೆ ಮಳೆ ಹಿಡಿದ ಡಿಸೆಂಬರಿನಲ್ಲಿ, ಟೋಕಿಯೊಗೆ ಬೆವರಿಳಿಯುವ ಆಗಸ್ಟಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಆಫೀಸಿನ ರೈಲು ಹತ್ತಿ, ಸಂಜೆ ಕಾಯಿಪಲ್ಲೆ ಹಿಡಿದು ಅದೇ ರೈಲಿನಲ್ಲಿ ಬನ್ನಿ. ಆಮೇಲೂ ಮನಸ್ಸಿದ್ದರೆ ಸಹಿ ಹಾಕಿ.